ಸೂಜಿಯ ಅಲೆ, ಅಳೆದವರ ಕಣ್ಣು

ಪುಣೆಯಲ್ಲಿ ನಾನು ಅನುವಾದಿಸುವ ವೈದ್ಯಕೀಯ ವರದಿಗಳಲ್ಲಿ ಸ್ನಾಯುವಿಗೆ ಸೂಜಿ ಚುಚ್ಚಿ ಮಾಡುವ ಇಎಂಜಿಯ ಅಂಕಿಗಳೂ ಬರುತ್ತವೆ. ಸೋಲಾಪುರದ ಹಿರಿಯರೊಬ್ಬರು ಎರಡು ವರದಿ ಮುಂದಿಟ್ಟು, “ಇವೆರಡರಾಗ ಯಾವ್ದು ಖರೆ, ತಂಗಿ?” ಎಂದರು.

1929ರಲ್ಲಿ ಏಡ್ರಿಯನ್ ಮತ್ತು ಬ್ರಾಂಕ್ ಇಂಥ ಸೂಜಿ ರೂಪಿಸಿ, ಸ್ನಾಯುವಿನ ಮಿಡಿತವನ್ನು ಧ್ವನಿವರ್ಧಕದಲ್ಲಿ ಕೇಳಿದರು. ಕೇಳುವುದು ಸುಲಭ, ಅಳೆಯುವುದು ಕಷ್ಟ. ಅಲೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತೆಂದು ಗುರುತು ಹಾಕುತ್ತಿದ್ದುದು ಮನುಷ್ಯನ ಕಣ್ಣು. ಯಂತ್ರದ ವರ್ಧನೆ ಹೆಚ್ಚಿಸಿದರೆ ಸಣ್ಣ ಬಾಲವೂ ಕಂಡು, ಅದೇ ಅಲೆ ಉದ್ದವಾಗುತ್ತದೆ. 1950ರ ದಶಕದಲ್ಲಿ ಕೋಪನ್‌ಹೇಗನ್‌ನ ಫ್ರಿಟ್ಜ್ ಬುಖ್ತಾಲ್ ತಂಡ ಸ್ನಾಯುವಿಗೆ, ವಯಸ್ಸಿಗೆ ತಕ್ಕ ಸಹಜ ಮೌಲ್ಯಗಳನ್ನು ಪಟ್ಟಿ ಮಾಡಿತು. ಒಂದೇ ಅಲೆಯನ್ನು ನಂಬದೆ ಕನಿಷ್ಠ 20ರ ಸರಾಸರಿ ನೋಡುವುದು ರೂಢಿಯಾಯಿತು.

“ಎರಡೂ ಖರೆ ಇರಬಹುದ್ರಿ, ಹ್ಯಾಂಗ ಅಳೆದರಂತ ಡಾಕ್ಟರನ್ನ ಕೇಳ್ರಿ” ಎಂದೆ. ಅಂದಿನಿಂದ ಅಂಕಿಯ ಪಕ್ಕದ ವರ್ಧನೆಯ ಮಟ್ಟವನ್ನೂ ಬಿಡದೆ ಅನುವಾದಿಸುತ್ತೇನೆ.