ಚಿಕ್ಕಯ್ಯನಛತ್ರದಿಂದ ಕೂಡಲಿಗೆ

ಮೂರು ಕಡೆಗಳಲ್ಲಿ ನೀರಿನಿಂದ ಆವೃತವಾಗಿ ಒಂದು ಕಡೆ ಮಾತ್ರ ನೆಲಕ್ಕೆ ಅಂಟಿಕೊಂಡ ಭೂಭಾಗಕ್ಕೆ ಪರ್ಯಾಯದ್ವೀಪವೆಂದು ಹೆಸರು ಎಂದು ಪಾಠಶಾಲೆಯಲ್ಲಿ ಮೇಷ್ಟರು ಬಾಯಿಪಾಠ ಮಾಡಿಸುತ್ತಿದ್ದಾಗ, ಕಡಲನ್ನು ಕಣ್ಣಾರೆ ಕಂಡರಿಯದ ನಂಜನಗೂಡು ಸೀಮೆಯ ಹುಡುಗರಾದ ನಮಗೆ ಅದು ದೂರದೇಶದ ಸಂಗತಿಯೆಂದೇ ತೋರುತ್ತಿತ್ತು. ಅಂಥದೊಂದು ನೆಲ ನಮ್ಮ ಮನೆಯಿಂದ ಎತ್ತಿನ ಗಾಡಿಯಲ್ಲಿ ಒಂದು ಹಗಲಿನ ಹಾದಿಯಷ್ಟು ದೂರದಲ್ಲಿಯೇ ಇದ್ದಿತೆಂಬುದು ನನಗೆ ಹೊಳೆದುದು ಬಹು ವರ್ಷಗಳ ತರುವಾಯ, ಜಿಲ್ಲೆಯ ನಕ್ಷೆಯನ್ನು ಮೇಜಿನ ಮೇಲೆ ಹಾಸಿಕೊಂಡು ಕುಳಿತ ಒಂದು ಮಳೆಗಾಲದ ಸಂಜೆ. ಉತ್ತರದಿಂದ ಕಾವೇರಿ, ನೈಋತ್ಯದಿಂದ ಕಪಿಲೆ. ಇವೆರಡರ ನಡುವೆ ಮೈಸೂರು ನಗರವನ್ನೂ ಚಾಮುಂಡಿಬೆಟ್ಟವನ್ನೂ ಮಡಿಲಲ್ಲಿಟ್ಟುಕೊಂಡ ವಿಶಾಲವಾದ ಭೂಮಿ ಪೂರ್ವಾಭಿಮುಖವಾಗಿ ಬರಬರುತ್ತ ಕಿರಿದಾಗಿ, ಕೊನೆಗೆ ನೇಗಿಲ ಗುಳದ ಮೊನೆಯಂತೆ ಚೂಪಾಗಿ ನೀರಿನೊಳಗೆ ಮುಗಿಯುತ್ತದೆ. ಆ ಮೊನೆಯೇ ತಿರುಮಕೂಡಲು.

ನಾನೂ ನನ್ನ ಸೋದರಮಾವನೂ ಹೊರಟದ್ದು ಚಿಕ್ಕಯ್ಯನಛತ್ರದಿಂದ. ನಂಜನಗೂಡು ತಾಲ್ಲೂಕಿನಲ್ಲಿ, ತಾಂಡವಪುರ ಮೊದಲಾದ ಗ್ರಾಮಗಳು ಸೇರಿದ ಹೋಬಳಿಗೆ ಈ ಊರಿನದೇ ಹೆಸರು. ಊರ ಹೆಸರುಗಳಲ್ಲಿ ಅರಸರಿಂದ ಬಂದವು ಅನೇಕ, ದೇವರಿಂದ ಬಂದವು ಅದಕ್ಕಿಂತಲೂ ಅನೇಕ. ದಾರಿಹೋಕರಿಗೆ ನೆರಳನ್ನೂ ಅನ್ನವನ್ನೂ ಕೊಟ್ಟ ಒಂದು ಕಟ್ಟಡದಿಂದ ಬಂದ ಹೆಸರುಗಳು ವಿರಳವಾದುದರಿಂದಲೇ ಈ ಹೆಸರಿನ ಮೇಲೆ ನನಗೆ ಮೊದಲಿನಿಂದಲೂ ವಿಶೇಷವಾದ ಮಮತೆ. ಛತ್ರವೆಂದರೆ ಈಗಿನವರಿಗೆ ಮದುವೆಯ ಮನೆ. ಕಾಲ್ನಡಿಗೆಯ ದಿನಗಳಲ್ಲಿ ಅದು ಯಾತ್ರಿಕನ ಪ್ರಾಣಾಧಾರವಾಗಿತ್ತು. ಜಗುಲಿಯ ಮೇಲೆ ಮೂಟೆಯನ್ನಿಳಿಸಿ, ಬಾವಿಯಲ್ಲಿ ಕೈಕಾಲು ತೊಳೆದು, ಯಾರ ಮನೆಯ ಋಣವೆಂದು ಕೇಳದೆ ಎಲೆಯ ಮುಂದೆ ಕುಳಿತುಕೊಳ್ಳುವುದು ಸಾಧ್ಯವಾಗಿದ್ದ ಆ ವ್ಯವಸ್ಥೆಗೆ ಹಿಂದೆ ಒಬ್ಬ ಪುಣ್ಯವಂತನ ಮಾನ್ಯವೋ ದತ್ತಿಯೋ ಇರುತ್ತಿತ್ತು. ಚಿಕ್ಕಯ್ಯನೆಂಬ ಹೆಸರನ್ನು ಇಂದಿಗೂ ಸಾವಿರಾರು ಜನ ವಿಳಾಸವಾಗಿ ಬರೆಯುತ್ತಿರುವರು. ಅನ್ನವಿಕ್ಕಿದ ಕೈಗೆ ಇದಕ್ಕಿಂತ ದೊಡ್ಡ ಶಿಲಾಶಾಸನ ಬೇಕೆ?

ಮೈಸೂರಿನ ಕಡೆಯಿಂದ ನಂಜುಂಡೇಶ್ವರನ ದರ್ಶನಕ್ಕೆ ಬರುವವರಿಗೆ ಕಪಿಲೆಯನ್ನು ದಾಟದೆ ಗತಿಯಿರಲಿಲ್ಲವಾದುದರಿಂದ ಇಲ್ಲಿ ಛತ್ರಗಳಿಗೆ ಎಷ್ಟು ಕೆಲಸವಿದ್ದಿರಬೇಕೆಂಬುದನ್ನು ಊಹಿಸಬಹುದು. 1735ರಲ್ಲಿ ದಳವಾಯಿ ದೇವರಾಜಯ್ಯನು ಕಟ್ಟಿಸಿದ ಕಲ್ಲಿನ ಸೇತುವೆ, ಮುಂದೆ ರೈಲನ್ನೂ ತನ್ನ ಬೆನ್ನಿನ ಮೇಲೆ ಹೊತ್ತು, ಇಂದಿಗೂ ನದಿಯ ನಡುವೆ ಕಾಲೂರಿ ನಿಂತಿದೆ. ಆದರೂ ಕಪಿಲೆ ಉಕ್ಕಿದಾಗ ಮನುಷ್ಯನ ಲೆಕ್ಕಾಚಾರ ನಿಲ್ಲುವುದಿಲ್ಲ. 2018ರಲ್ಲಿಯೂ 2019ರಲ್ಲಿಯೂ ಮಲ್ಲನಮೂಲೆಯ ಮಠದ ಬಳಿ ಹೆದ್ದಾರಿಯ ಮೇಲೆ ನೀರು ಹರಿದು ಸಂಚಾರವೇ ನಿಂತುಹೋಯಿತು. ದಡದಲ್ಲಿ ಸಾಲಾಗಿ ನಿಂತ ವಾಹನಗಳನ್ನು ಕಂಡಾಗ, ಇಂಥ ಹೊತ್ತಿನಲ್ಲಿ ಹಿಂದಿನವರು ಛತ್ರದ ಜಗುಲಿಯ ಮೇಲೆ ಕುಳಿತು ಹೊಳೆ ಇಳಿಯುವುದನ್ನು ಕಾಯುತ್ತಿದ್ದರಲ್ಲವೆ ಎನಿಸಿತು.

ಬಾಡಿಗೆಯ ಮೋಟಾರು ಹೆದ್ದಾರಿಯನ್ನು ಬಿಟ್ಟು ಊರೊಳಗಿನ ಕಿರುದಾರಿಗಳನ್ನು ಹಿಡಿಯಿತು. ನಾಲೆಯ ನೀರು ತಲುಪಿದಲ್ಲಿ ಗದ್ದೆ, ಕಬ್ಬು, ಬಾಳೆ. ತಲುಪದ ದಿಣ್ಣೆಯ ಮೇಲೆ ರಾಗಿ, ಹುರುಳಿ. ನಂಜನಗೂಡಿನ ರಸಬಾಳೆಯ ತೋಟವೊಂದು ಕಣ್ಣಿಗೆ ಬಿದ್ದೀತೆಂದು ಮಾವ ಕಿಟಕಿಯ ಹೊರಗೆ ಕತ್ತು ಚಾಚಿಕೊಂಡೇ ಕುಳಿತಿದ್ದ. ಸೊರಗುರೋಗಕ್ಕೆ ಸಿಕ್ಕಿ ಅಪರೂಪವಾಗಿಹೋದ ಆ ಹಣ್ಣಿನ ಪರಿಮಳ ಅವನ ಬಾಲ್ಯಕ್ಕೆ ಸೇರಿದುದು. ಒಂದು ಗೊನೆ ಮನೆಯ ಅಟ್ಟದ ಮೇಲೆ ಹಣ್ಣಾದರೆ ಬೀದಿಯ ತುದಿಗೆ ಗೊತ್ತಾಗುತ್ತಿತ್ತೆಂದು ಅವನು ಹೇಳುವಾಗ ನಾನು ಎದುರಾಡದೆ ನಂಬುತ್ತೇನೆ. ಕಪಿಲೆಯ ದಡದ ಸುತ್ತೂರಿನಲ್ಲಿ ಅರ್ಧ ಗಳಿಗೆ ನಿಂತೆವು. ಚೋಳರ ರಾಜರಾಜನಿಗೂ ಗಂಗರ ರಾಚಮಲ್ಲನಿಗೂ ನಡೆಯಲಿದ್ದ ಯುದ್ಧವನ್ನು ತಡೆದು ಸಂಧಿ ಮಾಡಿಸಿದ ಶಿವರಾತ್ರೀಶ್ವರ ಶಿವಯೋಗಿಗಳಿಂದ ಅಲ್ಲಿಯ ಮಠ ಆರಂಭವಾಯಿತೆಂಬುದು ಪರಂಪರೆಯ ಮಾತು. ಮಾವ ದಡಕ್ಕಿಳಿದು, ಜೊತೆಯಲ್ಲಿ ತಂದಿದ್ದ ಹಿತ್ತಾಳೆಯ ತಂಬಿಗೆಯನ್ನು ಹುಣಿಸೆಹಣ್ಣು ಹಾಕಿ ಉಜ್ಜಿ ತೊಳೆದು, ಬರಿದಾಗಿಯೇ ಹಿಂದಕ್ಕೆ ತಂದ. “ಇಲ್ಲಿ ತುಂಬಕೂಡದಪ್ಪ, ಕೂಡಲಲ್ಲೇ ತುಂಬಬೇಕು” ಎಂದ.

ಎರಡು ನದಿಗಳು ಕೂಡುವ ಸ್ಥಳಕ್ಕೆ ಕನ್ನಡಿಗರು ಕೂಡಲು ಎಂದರು. ಸ್ಫಟಿಕ ಸರೋವರವೆಂಬ ಗುಪ್ತತೀರ್ಥವನ್ನೂ ಸೇರಿಸಿ ಮೂರೆಂದೆಣಿಸಿ, ಪವಿತ್ರವೆಂಬರ್ಥದ ‘ತಿರು’ವನ್ನು ಮುಂದಿಟ್ಟು ತಿರುಮಕೂಡಲೆಂದರು. ನದಿಗಳ ನಡುವಣ ಮೊನೆಯ ಮೇಲೆ ಅಗಸ್ತ್ಯೇಶ್ವರ. ಕಪಿಲೆಯ ಬಲದಂಡೆಯಲ್ಲಿ ಗುಂಜಾನರಸಿಂಹನ ನರಸೀಪುರ. ಎರಡೂ ಕೂಡಿ ತಿರುಮಕೂಡಲು ನರಸೀಪುರ, ಬಸ್ಸಿನ ಫಲಕದ ಮೇಲೆ ಟಿ. ನರಸೀಪುರ. ಒಂದು ಅಕ್ಷರದೊಳಗೆ ಇಡೀ ಕೂಡಲು ಅಡಗಿಹೋಗಿರುವುದು ನನಗೆ ನೋವಿನ ಸಂಗತಿ. ಸೋಮನಾಥಪುರದ ಶಿಲ್ಪವನ್ನು ನೋಡಲು ಹೋಗುವವರೂ, ತಲಕಾಡಿನ ಮರಳಿನಲ್ಲಿ ಆಡಲು ಹೋಗುವವರೂ ಈ ಊರಿನಲ್ಲಿ ಕಾಫಿ ಕುಡಿದು ಸೇತುವೆ ದಾಟಿ ಹೊರಟುಹೋಗುವರಲ್ಲದೆ, ನಾಲ್ಕು ಹೆಜ್ಜೆ ನಡೆದು ಮೊನೆಯ ತುದಿಗೆ ಬರುವವರು ಕೆಲವರೇ.

ಅಗಸ್ತ್ಯೇಶ್ವರನ ಕಥೆಯನ್ನು ಅಲ್ಲಿನವರು ಹೇಳುವ ಬಗೆ ಹೀಗೆ. ಪೂಜೆಗೆಂದು ಲಿಂಗವೊಂದನ್ನು ತರಲು ಅಗಸ್ತ್ಯರು ಹನುಮಂತನನ್ನು ಕಳುಹಿದರು. ಮುಹೂರ್ತ ಮೀರುತ್ತ ಬಂದರೂ ಅವನು ಬಾರದಿರಲು, ಋಷಿ ಹೊಳೆಯ ಮರಳನ್ನೇ ಕೂಡಿಸಿ ಲಿಂಗವನ್ನು ಮಾಡಿ ಪ್ರತಿಷ್ಠಿಸಿದರು. ತಡವಾಗಿ ಬಂದ ಹನುಮಂತ ಸಿಟ್ಟಿನಿಂದ ಅದನ್ನು ಕೀಳಹೋಗಿ ಶಿರೋಭಾಗವನ್ನು ಭಿನ್ನ ಮಾಡಿದನು. ಆ ಕುಳಿಯಲ್ಲಿ ಒಸರುವ ನೀರೇ ಇಲ್ಲಿಯ ತೀರ್ಥ. ಅವನು ತಂದ ಲಿಂಗಕ್ಕೂ ಬೇರೊಂದು ಗುಡಿಯಾಯಿತು. ತಡವಾದರೂ ಸೇವೆ ವ್ಯರ್ಥವಾಗಲಿಲ್ಲ. ಎರಡು ಪ್ರವಾಹಗಳು ಹೊತ್ತು ತಂದ ಮೆಕ್ಕಲೂ ಮರಳೂ ಆದ ನೆಲದಲ್ಲಿ ದೇವರೂ ಮರಳಿನವನಾಗಿರುವುದರಲ್ಲಿ, ಈ ಸ್ಥಳದ ಪ್ರಕೃತಿಯನ್ನು ಬಲ್ಲ ಯಾರೋ ಕಟ್ಟಿದ ಕಥೆಯೆಂಬುದು ಎದ್ದು ಕಾಣುತ್ತದೆ.

ಅಗಸನೊಬ್ಬನ ಕಥೆ ನರಸೀಪುರದ್ದು. ಅವನು ಬಟ್ಟೆ ಒಗೆಯುತ್ತಿದ್ದ ಕಲ್ಲಿನಡಿಯಲ್ಲಿ ತಾನಿರುವೆನೆಂದು ನರಸಿಂಹನು ಕನಸಿನಲ್ಲಿ ತಿಳಿಸಿ, ಗುಡಿ ಕಟ್ಟಲು ಬೇಕಾದ ಹಣವನ್ನೂ ತೋರಿಸಿಕೊಟ್ಟನಂತೆ. ಸಾಯುವ ಮುನ್ನ ಕಾಶಿಗೆ ಹೋಗಬೇಕೆಂದು ಅಗಸನು ಬೇಡಿಕೊಂಡಾಗ, ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯ ತೂಕ ಹೆಚ್ಚೆಂದು ದೇವರು ಸಮಾಧಾನ ಹೇಳಿದನು; ಅದಕ್ಕೆ ಸಾಕ್ಷಿಯಾಗಿ ಮೂರ್ತಿಯ ಬೆರಳುಗಳ ನಡುವೆ ಗುಲಗಂಜಿ ಇಂದಿಗೂ ಇದೆ. ಗುಡಿಯ ಮುಂದೆ ಹೂವು ಮಾರುತ್ತಿದ್ದ ಅಜ್ಜಿಯ ಬಳಿ ಒಂದು ಹಿಡಿ ಗುಲಗಂಜಿಯಿದ್ದಿತು. ಒಂದನ್ನು ಅಂಗೈಯ ಮೇಲಿಟ್ಟುಕೊಂಡೆ: ಕುಂಕುಮಕ್ಕಿಂತ ಗಾಢವಾದ ಕೆಂಪು, ತೊಟ್ಟಿನ ಕಡೆ ಕಾಡಿಗೆಯಿಟ್ಟಂಥ ಕಪ್ಪು ಬೊಟ್ಟು, ಎಣ್ಣೆ ಸವರಿದಂಥ ನಯ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಈ ಬೀಜದ ತೂಕ ಒಂದು ಗ್ರಾಮಿನ ಎಂಟನೆಯ ಒಂದು ಪಾಲಿಗೂ ಕಡಿಮೆ. ಕಾಶಿಯನ್ನು ಹೀಗಳೆಯದೆ, ಬೆಟ್ಟದಷ್ಟು ಹೆಚ್ಚೆಂದು ಬೀಗದೆ, ಕೇವಲ ಇಷ್ಟೇ ಇಷ್ಟು ಹೆಚ್ಚೆಂದು ಹೇಳಿಕೊಂಡ ಊರು ಇದೊಂದೇ ಇರಬೇಕು. ದೂರಯಾತ್ರೆಗೆ ಕೈಯಲ್ಲಿ ಕಾಸಿಲ್ಲದ ಒಬ್ಬ ಶ್ರಮಜೀವಿಯ ಮನಸ್ಸನ್ನು ನೋಯಿಸದೆ ನಿಲ್ಲಿಸಲು ಅಷ್ಟು ಸಾಕಾಗಿತ್ತು.

ಪುರಾಣಗಳಿಗೂ ಹಿಂದೆ ಇಲ್ಲಿ ಮನೆಮಾಡಿಕೊಂಡಿದ್ದವರ ಸುದ್ದಿಯನ್ನು ನೆಲವೇ ಹೇಳಿದೆ. ಮೈಸೂರು ವಿಶ್ವವಿದ್ಯಾನಿಲಯದ ಡಾ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ಸಂಗಮದ ನೆರೆಯಲ್ಲಿ ಉತ್ಖನನ ನಡೆದು, ಅದರ ವರದಿ 1971ರಲ್ಲಿ ಪ್ರಕಟವಾಯಿತು. ನಯಗೊಳಿಸಿದ ಕಲ್ಲಿನ ಕೊಡಲಿಗಳು, ಬೂದುಬಣ್ಣದ ಮಡಕೆಗಳು, ಶವಸಂಸ್ಕಾರದ ಕುರುಹುಗಳು ದೊರೆತು, ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ನವಶಿಲಾಯುಗದ ಜನ ಇಲ್ಲಿ ನೆಲೆಸಿದ್ದರೆಂಬುದು ಸ್ಥಿರಪಟ್ಟಿತು. ಸಿಕ್ಕಿದವುಗಳಲ್ಲೆಲ್ಲ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಮಣ್ಣಿನಿಂದ ಮಾಡಿ ಸುಟ್ಟ ಒಂದು ತಲೆಯಾಸರೆ. ಪ್ರಾಚೀನ ಈಜಿಪ್ಟಿನವರು ಬಳಸುತ್ತಿದ್ದ ತಲೆಯಾಸರೆಗಳೊಡನೆ ವಿದ್ವಾಂಸರು ಅದನ್ನು ಹೋಲಿಸಿದ್ದಾರೆ. ಕೊಡಲಿ ಬದುಕಿಗೆ ಬೇಕು, ಮಡಕೆ ಹಸಿವಿಗೆ ಬೇಕು; ತಲೆ ಒರಗಿಸಲು ಹದವಾದ ಒಂದು ಆಸರೆಯನ್ನು ಮಣ್ಣಿನಲ್ಲಿ ತಿದ್ದಿ ಆವಿಗೆಗೆ ಹಾಕಿದ ಕೈಯಲ್ಲಿ ಅದಕ್ಕಿಂತ ಹೆಚ್ಚಿನದೇನೋ ಇದ್ದಿತು. ದಣಿದವನ ತಲೆಗೆ ಒಂದು ಆಸರೆಯಿರಲೆಂದು ಯೋಚಿಸಿದವರು ಈ ಜನ. ಛತ್ರವನ್ನು ಕಟ್ಟಿದ ಚಿಕ್ಕಯ್ಯ ಅವರ ವಂಶದವನೆಂದರೆ ನಾನು ಒಪ್ಪುತ್ತೇನೆ.

ಇದೇ ತಿರುಮಕೂಡಲಿನಲ್ಲಿ 1895ರಲ್ಲಿ ಚೌಡಯ್ಯನವರು ಹುಟ್ಟಿದರು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಗುರುಕುಲವಾಸ ಮಾಡಿ, ಅವರ ಕಠೋರವಾದ ಶಿಕ್ಷಣದಲ್ಲಿ ಪಳಗಿ, ದೊಡ್ಡ ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸುವವರಾದಾಗ, ಧ್ವನಿವರ್ಧಕವಿಲ್ಲದ ಆ ಕಾಲದ ಸಭೆಗಳಲ್ಲಿ ತಮ್ಮ ಪಿಟೀಲು ಕೊನೆಯ ಸಾಲಿನವರಿಗೆ ಮುಟ್ಟುವುದಿಲ್ಲವೆಂಬ ಕೊರಗು ಅವರನ್ನು ಬಾಧಿಸಿತು. ನಾಲ್ಕು ತಂತಿಗಳ ವಾದ್ಯಕ್ಕೆ ಮತ್ತೆ ಮೂರು ತಂತಿಗಳನ್ನು ಜೊತೆಗೂಡಿಸಿ ಏಳು ತಂತಿಯ ಪಿಟೀಲನ್ನು ಅವರು ರೂಪಿಸಿದುದು ಆ ಕೊರಗಿನ ಫಲ. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಳಾನಿಧಿ ಬಿರುದನ್ನಿತ್ತಿತು. ಅವರು ತೀರಿಕೊಂಡದ್ದು 1967ರಲ್ಲಿ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಅವರ ಹೆಸರಿನ ಸಭಾಭವನವಿದೆ. ಒಂದು ನೀರಿಗೆ ಇನ್ನೊಂದು ನೀರು ಕೂಡಿದಾಗ ಹರಿವಿನ ದನಿ ಹೇಗೆ ತುಂಬಿಕೊಳ್ಳುವುದೆಂಬುದನ್ನು ಹುಟ್ಟಿದ ದಿನದಿಂದ ಕೇಳಿದವರಿಗೆ, ತಂತಿಗೆ ತಂತಿಯನ್ನು ಕೂಡಿಸುವ ಆಲೋಚನೆ ಬಂದುದು ಆಶ್ಚರ್ಯವೆಂದು ನನಗೆ ತೋರುವುದಿಲ್ಲ.

ಹೊಳೆಯ ಕೆಳಗೆ ತಲಕಾಡು. ಗಂಗರ ರಾಜಧಾನಿಯಾಗಿ, ಚೋಳರ ವಶವಾಗಿ, ವಿಷ್ಣುವರ್ಧನನ ವಿಜಯಕ್ಕೆ ಕೀರ್ತಿನಾರಾಯಣನ ಗುಡಿಯನ್ನು ಪಡೆದು, ಕಡೆಗೆ ಮರಳಿನಡಿಯಲ್ಲಿ ಮಲಗಿದ ಆ ಊರಿನ ಕಥೆಯನ್ನು ಎಲ್ಲರೂ ಬಲ್ಲರು. ಕೂಡಲು ಎಂದೂ ರಾಜಧಾನಿಯಾಗಲಿಲ್ಲ, ಹುಗಿದೂ ಹೋಗಲಿಲ್ಲ. 1989ರಿಂದ ಇಲ್ಲಿ ಮೂರು ವರ್ಷಗಳಿಗೊಮ್ಮೆ ಕುಂಭಮೇಳವನ್ನು ನಡೆಸುವ ಪದ್ಧತಿ ಬಂದಿದ್ದು, ಆಗ ಮಾತ್ರ ಲಕ್ಷಾಂತರ ಜನ ನೆರೆಯುತ್ತಾರೆ. ಮಿಕ್ಕ ದಿನಗಳಲ್ಲಿ ತಮ್ಮವರ ಅಸ್ಥಿಯನ್ನು ಬಿಡಲು ಬಂದ ಒಂದೆರಡು ಕುಟುಂಬಗಳು, ಬಟ್ಟೆ ಒಗೆಯುವವರು, ಬಲೆಗಾರರು. ಬಿಟ್ಟುಹೋದ ಹಳೆಯ ಬಟ್ಟೆಗಳೂ ಪ್ಲಾಸ್ಟಿಕ್ಕಿನ ಚೀಲಗಳೂ ಮೆಟ್ಟಿಲುಗಳ ಸಂದಿನಲ್ಲಿ ಸಿಕ್ಕಿ ಕೊಳೆಯುತ್ತಿದ್ದುದನ್ನು ಕಂಡು ಮಾವ ಬಹಳ ಹೊತ್ತು ಮಾತಾಡಲಿಲ್ಲ. ಸತ್ತವರನ್ನು ಪಾವನಗೊಳಿಸಲೆಂದು ಬಂದವರು ನದಿಗೆ ಇದನ್ನು ಬಿಟ್ಟುಹೋಗಬಾರದೆಂದು ನಾನು ಕೈಮುಗಿದು ಬೇಡುತ್ತೇನೆ.

ಹರಿಗೋಲಿನವನು ನಮ್ಮನ್ನು ಮೊನೆಯ ಮುಂದಕ್ಕೆ ಕರೆದೊಯ್ದ. ಘಟ್ಟದ ಮೇಲೆ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ವಯನಾಡಿನ ಬೆಟ್ಟಗಳಿಂದ ಇಳಿದು ಬಂದ ಕಪಿಲೆ ನಮ್ಮ ಬಲಕ್ಕೆ ಕೆಂಪಾಗಿ ಹರಿಯುತ್ತಿದ್ದಿತು. ಎಡಕ್ಕೆ, ಕೃಷ್ಣರಾಜಸಾಗರದಲ್ಲಿ ಒಮ್ಮೆ ತಂಗಿ ಬಂದ ಕಾವೇರಿ ಇನ್ನೂ ಹಸಿರುಗಪ್ಪು. ಎರಡರ ನಡುವೆ ಹೆಣೆದ ಜಡೆಯ ಬೈತಲೆಯಂತೆ ಒಂದು ಗೆರೆ.

“ಎಡಗೈನ ಆ ಕಡೆ ಅದ್ದಿ, ಬಲಗೈನ ಈ ಕಡೆ ಅದ್ದಿ ನೋಡಿ ಬುದ್ಧಿ,” ಎಂದ ಹರಿಗೋಲಿನವನು. “ಎರಡಕ್ಕೂ ತಂಪು ಬೇರೆ ಬೇರೆ.”

ಅದ್ದಿ ನೋಡಿದೆವು. ಅವನೆಂದದ್ದು ನಿಜವಾಗಿತ್ತು. ಸ್ವಲ್ಪ ಮುಂದೆ, ಗೆರೆ ಚದುರಿ, ಕೆಂಪಿನಲ್ಲಿ ಕಪ್ಪು ಕಲಸಿ, ಯಾವುದು ಯಾವುದೆಂದು ಹೇಳಲಾಗದ ಜಾಗದಲ್ಲಿ ಮಾವ ತಂಬಿಗೆಯನ್ನು ಬಗ್ಗಿಸಿ ಕಂಠದವರೆಗೆ ತುಂಬಿಕೊಂಡ. ಬಾಯಿಗೆ ಬಾಳೆಯೆಲೆ ಮುಚ್ಚಿ ನಾರಿನಿಂದ ಬಿಗಿದು, ಚಿಕ್ಕಯ್ಯನಛತ್ರವನ್ನು ಮುಟ್ಟುವವರೆಗೂ ಅದನ್ನು ಮೋಟಾರಿನ ನೆಲದ ಮೇಲಿಡದೆ ತೊಡೆಯ ಮೇಲೆಯೇ ಹಿಡಿದು ಕುಳಿತಿದ್ದ.