ಮಾವನ ಹಳೇ ಪಿಸ್ತೂಲು ಕೊಳ್ಳಬಹುದೇ? ಚೆನ್ನೈನಲ್ಲಿರುವವರು ದುಡ್ಡು ಕೊಡುವ ಮೊದಲು ತಿಳಿಯಬೇಕಾದ ಸಂಗತಿಗಳು

ಚೆನ್ನೈ: ಬೆಂಗಳೂರಿನಲ್ಲಿರುವ ಸೋದರಮಾವನಿಗೆ ವಯಸ್ಸಾಗಿದೆ ಎಂದಿಟ್ಟುಕೊಳ್ಳಿ. ಬೀರುವಿನಲ್ಲಿ ದಶಕಗಳಿಂದ ಒಂದು ಪಿಸ್ತೂಲಿದೆ. ಲೈಸೆನ್ಸ್ ನವೀಕರಣಕ್ಕೆ ಓಡಾಡುವುದು ಅವರಿಗೆ ಇನ್ನು ಸಾಧ್ಯವಿಲ್ಲ. 'ಹೊರಗಿನವರಿಗೆ ಯಾಕೆ ಕೊಡಲಿ, ನೀನೇ ತಗೊಳ್ಳಪ್ಪ' ಎಂದು ಚೆನ್ನೈನಲ್ಲಿ ಕೆಲಸದಲ್ಲಿರುವ ಸೋದರಳಿಯನಿಗೆ ಹೇಳುತ್ತಾರೆ. ಪೂರ್ತಿ ಉಕ್ಕಿನದು, ವಿದೇಶಿ ಮಾಲು, ಬೆಲೆಯೂ ಸಂಬಂಧಿಕರ ಬೆಲೆ. ಸ್ಕೂಟರ್ ಆಗಿದ್ದರೆ ಅಂದೇ ಓಡಿಸಿಕೊಂಡು ಬಂದು, ಆರ್‌ಸಿ ಆಮೇಲೆ ಬದಲಾಯಿಸಿಕೊಳ್ಳಬಹುದಿತ್ತು. ಪಿಸ್ತೂಲಿನ ವಿಷಯದಲ್ಲಿ ಹಾಗೆ ಮಾಡಿದರೆ ಮಾವ, ಅಳಿಯ ಇಬ್ಬರೂ ಆರೋಪಿಗಳಾಗುತ್ತಾರೆ.

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ 'ವರ್ಗಾವಣೆ' ಎಂಬ ಪದಕ್ಕೆ ಮಾರಾಟ ಮಾತ್ರವಲ್ಲ, ಬಾಡಿಗೆ ಕೊಡುವುದು, ಎರವಲು ಕೊಡುವುದು, ಸುಮ್ಮನೆ ಕೊಟ್ಟುಬಿಡುವುದು, ಕೈಯಿಂದ ಬಿಟ್ಟುಕೊಡುವುದು ಎಲ್ಲವೂ ಸೇರಿವೆ. ಹಾಗಾಗಿ 'ದುಡ್ಡೇನೂ ತಗೊಂಡಿಲ್ಲ, ಉಡುಗೊರೆ' ಎಂಬ ಮಾತು ರಕ್ಷಣೆಗೆ ಬರುವುದಿಲ್ಲ. 'ಸದ್ಯಕ್ಕೆ ನಿಮ್ಮ ಮನೆಯಲ್ಲಿ ಇರಲಿ' ಎನ್ನುವುದೂ ಅಷ್ಟೇ. ಲೈಸೆನ್ಸ್ ಇಲ್ಲದೆ ಬಂದೂಕು ಪಡೆದರೆ ಅಥವಾ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಶಿಕ್ಷೆ 2ರಿಂದ 5 ವರ್ಷ ಜೈಲು, ಜೊತೆಗೆ ದಂಡ.

ಮೊದಲು ಲೈಸೆನ್ಸ್, ಆಮೇಲೆ ಪಿಸ್ತೂಲು

ಕೊಳ್ಳುವವರಿಗೆ ಕನಿಷ್ಠ 21 ವರ್ಷವಾಗಿರಬೇಕು, ಸ್ವಂತ ಹೆಸರಿನಲ್ಲಿ ಲೈಸೆನ್ಸ್ ಇರಬೇಕು. ಚೆನ್ನೈ ನಗರದಲ್ಲಿ ಅದನ್ನು ಕೊಡುವವರು ಪೊಲೀಸ್ ಆಯುಕ್ತರು. ಇಲ್ಲಿ ಒಂದು ಗೊಂದಲವಿದೆ. 2022ರ ಜನವರಿ 1ರಿಂದ ತಾಂಬರಂ ಮತ್ತು ಆವಡಿ ಪ್ರತ್ಯೇಕ ಪೊಲೀಸ್ ಕಮಿಷನರೇಟ್‌ಗಳಾಗಿವೆ. ಆದ್ದರಿಂದ ಮನೆಯ ವಿಳಾಸ ಯಾರ ವ್ಯಾಪ್ತಿಗೆ ಬರುತ್ತದೆ ಎಂದು ನೋಡಿಕೊಂಡೇ ಅರ್ಜಿ ಹಾಕಬೇಕು.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪೊಲೀಸ್ ಪರಿಶೀಲನೆ, ದೈಹಿಕ ಮತ್ತು ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಸುರಕ್ಷತಾ ತರಬೇತಿ, ಆಯುಧವನ್ನು ಬೀಗ ಹಾಕಿ ಇಡುವ ವ್ಯವಸ್ಥೆ ಎಲ್ಲವೂ ಬೇಕು. ಎಲ್ಲಕ್ಕಿಂತ ಕಠಿಣವಾದದ್ದು 'ಯಾಕೆ ಬೇಕು' ಎಂಬ ಪ್ರಶ್ನೆ. ಜೀವಕ್ಕೆ ಬೆದರಿಕೆ, ಉದ್ಯೋಗದ ಸ್ವರೂಪ, ಶೂಟಿಂಗ್ ಕ್ರೀಡೆ ಇವು ಉತ್ತರಗಳಾಗಬಲ್ಲವು. ಮಾವ ಕಡಿಮೆ ಬೆಲೆಗೆ ಕೊಡುತ್ತಿದ್ದಾರೆ ಎಂಬುದು ಉತ್ತರವಾಗದು. ಅರ್ಜಿ ತಿರಸ್ಕೃತವಾದರೆ ಕೊಟ್ಟ ಮುಂಗಡ ಮನೆತನದ ಜಗಳವಾಗಿ ಉಳಿಯುತ್ತದೆ. ಲೈಸೆನ್ಸ್ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಕೊಡದಿರುವುದೇ ಜಾಣತನ.

ಈಗಾಗಲೇ ಲೈಸೆನ್ಸ್ ಇರುವವರು ಎಣಿಕೆ ಮರೆಯಬಾರದು. 2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಮೂರನೆಯದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕಿತ್ತು. ಮಾವನ ಬಳಿ ಅಂಥ 'ಮೂರನೆಯದು' ಒಪ್ಪಿಸದೆ ಉಳಿದಿದ್ದರೆ ಅದು ಮಾರುವ ವಸ್ತುವಲ್ಲ, ಮೊದಲು ವಕೀಲರಿಗೆ ಹೇಳಬೇಕಾದ ವಿಷಯ.

45 ದಿನ ಕಾಯಲೇಬೇಕು

ಖಾಸಗಿ ವ್ಯಕ್ತಿ ತನ್ನ ಸ್ವಂತ ಆಯುಧವನ್ನು ಮಾರಲು ಕಾಯ್ದೆಯ 5ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಷರತ್ತು ಎರಡು. ಮಾರುವ ಉದ್ದೇಶವನ್ನು, ಕೊಳ್ಳುವವರ ಹೆಸರು ಮತ್ತು ವಿಳಾಸ ಸಮೇತ, ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಬರಹದಲ್ಲಿ ತಿಳಿಸಬೇಕು. ಆ ಮೇಲೆ ಕನಿಷ್ಠ 45 ದಿನ ಕಳೆಯಬೇಕು. ಈ ಪತ್ರ ಬರೆಯಬೇಕಾದವರು ಮಾವ. ಸ್ವೀಕೃತಿಯ ಮೊಹರು ಬಿದ್ದ ಪ್ರತಿಯನ್ನು ಇಬ್ಬರೂ ಇಟ್ಟುಕೊಳ್ಳಬೇಕು. ಕೊನೆಗೆ ಅವರ ಲೈಸೆನ್ಸ್‌ನಿಂದ ಆಯುಧದ ನಮೂದು ತೆಗೆದು, ಅಳಿಯನ ಲೈಸೆನ್ಸ್‌ಗೆ ಸೇರಿಸಿಕೊಳ್ಳಬೇಕು. ಹಳೆಯ ನಮೂದು ಹಾಗೇ ಉಳಿದರೆ ಉತ್ತರ ಹೇಳಬೇಕಾದವರು ಮಾವನೇ. ಪಿಸ್ತೂಲು ಬೆಂಗಳೂರಿನಿಂದ ಚೆನ್ನೈಗೆ ಬರುವುದಾದರೆ ತರುವವರ ಲೈಸೆನ್ಸ್ ಎರಡೂ ರಾಜ್ಯಗಳಿಗೆ ಅನ್ವಯಿಸುತ್ತದೆಯೇ ಎಂಬುದನ್ನೂ ಮೊದಲೇ ನೋಡಬೇಕು.

ತಂದೆ, ಅತ್ತೆ-ಮಾವಂದಿರು, ಅಣ್ಣತಮ್ಮಂದಿರಿಂದ ಪಡೆಯುವವರಿಗೆ ಮತ್ತೊಂದು ದಾರಿಯಿದೆ. ಲೈಸೆನ್ಸ್‌ದಾರರು ತೀರಿಕೊಂಡಾಗ, ಇಲ್ಲವೇ ಅವರಿಗೆ 70 ವರ್ಷವಾದಾಗ ಅಥವಾ ಆಯುಧ 25 ವರ್ಷ ಅವರ ಬಳಿ ಇದ್ದಾಗ, ವಾರಸುದಾರರಿಗೆ ಲೈಸೆನ್ಸ್ ಕೊಡಲು 2016ರ ನಿಯಮಗಳಲ್ಲಿ ಅವಕಾಶವಿದೆ. ಮಗ, ಮಗಳು, ಅಳಿಯ, ಸೊಸೆ, ಸಹೋದರ, ಸಹೋದರಿ ಇದರಲ್ಲಿ ಬರುತ್ತಾರೆ. ಮರಣಾನಂತರ ಪಡೆಯುವುದಾದರೆ ಉಳಿದ ವಾರಸುದಾರರ ಆಕ್ಷೇಪ ಇರಬಾರದು. ಹೆಂಡತಿಯ ತಂದೆಯಿಂದ ಪಡೆಯುವವರಿಗೆ ಸಿಗುವ ಈ ದಾರಿ ತಾಯಿಯ ತಮ್ಮನಿಂದ ಪಡೆಯುವವರಿಗೆ ಸಿಗುವುದು ಕಷ್ಟ. ಕನ್ನಡದ ಮನೆಗಳಲ್ಲಿ ಇಬ್ಬರೂ 'ಮಾವ'ನೇ ಆದರೂ ಸರ್ಕಾರಿ ಕಡತದಲ್ಲಿ ಇಬ್ಬರೂ ಒಂದೇ ಅಲ್ಲ!

ಕೊಡಗಿನ ಸಂಬಂಧಿಕರಿಂದ ಕೊಳ್ಳುವವರಿಗೆ ಒಂದು ಮಾತು. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ಲೈಸೆನ್ಸ್ ವಿನಾಯಿತಿ 2029ರವರೆಗೆ ವಿಸ್ತರಣೆಯಾಗಿದೆ. ಆದರೆ ಅದು ಆ ಜನರಿಗೆ ಸಿಕ್ಕಿದ್ದೇ ಹೊರತು ಕೋವಿಗೋ ಪಿಸ್ತೂಲಿಗೋ ಅಂಟಿಕೊಂಡು ಬರುವುದಿಲ್ಲ.

ಬೋರ್ ಯಾವುದು?

ಜಗತ್ತಿನಲ್ಲಿ ಉಕ್ಕಿನ ಪಿಸ್ತೂಲು ಎಂದರೆ ಮೊದಲು ಕೇಳಿಬರುವ ಹೆಸರುಗಳು ಕೋಲ್ಟ್ 1911 ಮತ್ತು ಸಿಝಡ್ 75. ಮೊದಲನೆಯದು ಸಾಮಾನ್ಯವಾಗಿ .45, ಎರಡನೆಯದು 9 ಎಂಎಂ. ಭಾರತದಲ್ಲಿ ಎರಡೂ ನಿಷೇಧಿತ ಬೋರ್. ಸಾಮಾನ್ಯ ಲೈಸೆನ್ಸ್‌ನಲ್ಲಿ ಇವನ್ನು ಇಟ್ಟುಕೊಳ್ಳುವಂತಿಲ್ಲ, ಶಿಕ್ಷೆಯೂ ಬಹಳ ಹೆಚ್ಚು. ಸಾಮಾನ್ಯರ ಪಾಲಿಗೆ ಉಳಿಯುವುದು ಮುಖ್ಯವಾಗಿ .32 ಮತ್ತು .22.

.32ರಲ್ಲೂ ಎಚ್ಚರ ಬೇಕು. ಪಿಸ್ತೂಲಿಗೆ ಬರುವುದು .32 ಎಸಿಪಿ ಗುಂಡು. ಕಾನ್ಪುರದ ರಿವಾಲ್ವರ್‌ಗಳಿಗೆ ಬರುವುದು ಅದಕ್ಕಿಂತ ಉದ್ದನೆಯ .32 ಎಸ್ ಅಂಡ್ ಡಬ್ಲ್ಯು ಲಾಂಗ್. ಒಂದರ ಗುಂಡನ್ನು ಇನ್ನೊಂದಕ್ಕೆ ಹಾಕಬಾರದು.

ಹಳೇ ವಿದೇಶಿ ಪಿಸ್ತೂಲಿಗೆ ಅಷ್ಟು ಬೆಲೆ ಯಾಕೆ ಎಂಬುದಕ್ಕೂ ಕಾರಣವಿದೆ. 1980ರ ದಶಕದ ಮಧ್ಯದಲ್ಲಿ ಖಾಸಗಿ ಆಮದು ನಿಂತುಹೋಯಿತು. ಅದಕ್ಕೂ ಮೊದಲು ಬಂದ ವಾಲ್ಥರ್, ವೆಬ್ಲಿ, ಬ್ರೌನಿಂಗ್‌ಗಳೇ ಕೈಯಿಂದ ಕೈಗೆ ಓಡಾಡುತ್ತಿವೆ. ಮದ್ರಾಸಿನಲ್ಲಿ ಒಂದು ಕಾಲಕ್ಕೆ ಇಂಥವನ್ನು ಕೊಳ್ಳುವುದು ಸಲೀಸಾಗಿತ್ತು. ಗಡಿಯಾರಕ್ಕೆ ಹೆಸರಾದ ಮೌಂಟ್ ರೋಡಿನ ಪಿ. ಓರ್ ಅಂಡ್ ಸನ್ಸ್ ಬಂದೂಕನ್ನೂ ಮಾರುತ್ತಿತ್ತು. ಅಂದರೆ ಇಂದು ಲಕ್ಷಗಳ ಲೆಕ್ಕದಲ್ಲಿ ಕೊಡುವ ಹಣ ಗುಣಮಟ್ಟಕ್ಕಿಂತ ಹೆಚ್ಚಾಗಿ ಅಭಾವಕ್ಕೆ ಕೊಡುವ ಹಣ. ಹೊಸದು ಬೇಕೆಂದರೆ 2014ರಲ್ಲಿ ಬಂದ ಟೈಟಾನಿಯಂ ಮಿಶ್ರಲೋಹದ 'ನಿರ್ಭೀಕ್' ಸುಮಾರು 500 ಗ್ರಾಂ, 2023ರಲ್ಲಿ ಬಂದ 'ಪ್ರಬಲ್' ಸುಮಾರು 700 ಗ್ರಾಂ ತೂಗುತ್ತದೆ. ಉಕ್ಕಿನ ವಾಲ್ಥರ್ ಪಿಪಿ ಕೂಡ 700 ಗ್ರಾಂ ಆಸುಪಾಸಿನದೇ.

ಉಕ್ಕು ಗಟ್ಟಿ, ಆದರೆ ಚೆನ್ನೈ ಗಾಳಿ ಉಪ್ಪು

ಉಕ್ಕಿನ ಚೌಕಟ್ಟು ಹಗುರ ಲೋಹಕ್ಕಿಂತ ನಿಧಾನವಾಗಿ ಸವೆಯುತ್ತದೆ. ಗುಂಡು ಹಾರಿದಾಗಿನ ಒದೆತವೂ ಕಡಿಮೆ ಅನ್ನಿಸುತ್ತದೆ. ಆದರೆ ಹಳೆಯ ಪಿಸ್ತೂಲುಗಳ ಉಕ್ಕು ಬಹುತೇಕ ಸ್ಟೇನ್‌ಲೆಸ್ ಅಲ್ಲ. ಮೇಲಿನ ನೀಲಿಗಪ್ಪು ಲೇಪ ಸವೆದರೆ ಕಡಲ ತೀರದ ಹವೆಯಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ಚರ್ಮದ ಚೀಲದೊಳಗೆ ವರ್ಷಗಟ್ಟಲೆ ಇಟ್ಟಿದ್ದರಂತೂ ಚರ್ಮ ತೇವ ಹಿಡಿದುಕೊಂಡು ಉಕ್ಕನ್ನು ತಿಂದಿರುತ್ತದೆ.

ಪರೀಕ್ಷೆ ಮಾವನ ಎದುರಿನಲ್ಲೇ, ಗುಂಡು ಪೂರ್ತಿ ತೆಗೆದ ಮೇಲೆಯೇ ಆಗಬೇಕು. ಲೈಸೆನ್ಸ್ ಪಡೆದ ಬಂದೂಕು ರಿಪೇರಿಯವರು ನೋಡಿದರೆ ಇನ್ನೂ ಒಳ್ಳೆಯದು. ನಳಿಕೆಯೊಳಗೆ ಬೆಳಕು ಬಿಟ್ಟಾಗ ಸುರುಳಿ ಗೆರೆಗಳು ಚೂಪಾಗಿ ಕಾಣಬೇಕು, ಕಪ್ಪು ಗುಳಿಗಳಿರಬಾರದು. ಪಿಸ್ತೂಲು ತೀರಾ ಹೊಳೆಯುತ್ತಿದ್ದರೆ ಅನುಮಾನ ಪಡಬೇಕು. ಗುಳಿಗಳನ್ನು ಉಜ್ಜಿ ಹೊಸ ಲೇಪ ಕೊಟ್ಟಿರಬಹುದು. ರಿವಾಲ್ವರ್ ಆದರೆ ಗುಂಡಿನ ಉರುಳೆ ಪ್ರತಿ ಮನೆಯಲ್ಲೂ ನಳಿಕೆಗೆ ನೇರವಾಗಿ, ಅಲುಗಾಡದೆ ನಿಲ್ಲಬೇಕು. ಪಿಸ್ತೂಲಿನಲ್ಲಿ ಸ್ಪ್ರಿಂಗ್ ಸೋತಿರುವುದು ಸಾಮಾನ್ಯ. ಮೂಲ ಮ್ಯಾಗಜೀನ್ ಇಲ್ಲದಿದ್ದರೆ ಬೆಲೆ ಇಳಿಯಲೇಬೇಕು. ಎಷ್ಟೋ ಹಳೆಯ ಮಾದರಿಗಳಲ್ಲಿ ಕೆಳಗೆ ಬಿದ್ದಾಗ ಗುಂಡು ಹಾರದಂತೆ ತಡೆಯುವ ಏರ್ಪಾಡು ಇರುವುದಿಲ್ಲ. ಮಕ್ಕಳಿರುವ ಮನೆಯವರು ಈ ಒಂದು ಕಾರಣಕ್ಕೇ ಬೇಡವೆನ್ನಬಹುದು.

ನಳಿಕೆಗಿಂತ ಮೊದಲು ನೋಡಬೇಕಾದ್ದು ಮೈಮೇಲಿನ ನಂಬರು. ತಯಾರಕರ ಹೆಸರು, ಸಂಖ್ಯೆ ಅಥವಾ ಬೇರೆ ಗುರುತು ಇಲ್ಲದ ಬಂದೂಕನ್ನು ಮಾರುವಂತೆಯೇ ಇಲ್ಲ. ಲೈಸೆನ್ಸ್‌ನಲ್ಲಿ ಬರೆದ ನಂಬರಿಗೂ ಇದಕ್ಕೂ ಒಂದು ಅಂಕಿ ತಾಳೆಯಾಗದಿದ್ದರೂ ವ್ಯವಹಾರ ಅಲ್ಲಿಗೇ ನಿಲ್ಲಿಸಬೇಕು.

ಬೇಡವೆಂದು ತೀರ್ಮಾನಿಸಿದರೆ ಮಾವ ಅದನ್ನು ಲೈಸೆನ್ಸ್ ಹೊಂದಿದ ಆಯುಧ ವ್ಯಾಪಾರಿಗೆ ಮಾರಬಹುದು. ಅವರ ಲೈಸೆನ್ಸ್ ಅವಧಿ ಮುಗಿದರೆ ಅಥವಾ ಅವರೇ ತೀರಿಕೊಂಡರೆ, ಪಿಸ್ತೂಲು ಯಾರ ವಶದಲ್ಲಿರುತ್ತದೋ ಅವರು ತಡಮಾಡದೆ ಪೊಲೀಸ್ ಠಾಣೆಯಲ್ಲಿ ಅಥವಾ ವ್ಯಾಪಾರಿಯ ಬಳಿ ಠೇವಣಿ ಇಡಬೇಕು. ತಿಥಿ ಮುಗಿಯಲಿ, ಆಮೇಲೆ ನೋಡೋಣ ಎಂದು ಬೀರುವಿನಲ್ಲೇ ಬಿಟ್ಟರೆ ಲೈಸೆನ್ಸ್ ಇಲ್ಲದ ಆಯುಧ ಇಟ್ಟುಕೊಂಡ ಆರೋಪ ಬರುವುದು ಆ ಮನೆಯಲ್ಲಿರುವವರ ಮೇಲೆ.