ದೇವರಿಲ್ಲದ ಬೆಟ್ಟ: ಕೆ. ವೆಂಕಟಪ್ಪನವರ ಊಟಿ

1/5
ಹಾಗಲವಾಡಿ ಇತಿಹಾಸ ಅಂದ ತಕ್ಷಣ ನಾವು ಪಾಳೇಗಾರರ ಹತ್ರ ಹೋಗ್ತೀವಿ. ಈ ಸಲ ಬೇರೆ ಪ್ರಶ್ನೆ. ಕೆರೆ ಏರಿ ಮೇಲೆ ನಿಂತು ಎಲ್ಲರೂ ಫೋಟೊ ತೆಗೀತೀವಲ್ಲ: ನೀರು, ಗುಡ್ಡ, ಮೋಡ, ಅಷ್ಟೇ. ಮನುಷ್ಯರೇ ಇಲ್ಲದಿದ್ರೂ ಅದು ಚಿತ್ರ ಅಂತ ನಮಗೆ ಅನ್ನಿಸತ್ತೆ. ನೂರು ವರ್ಷದ ಹಿಂದೆ ಮೈಸೂರು ಸಂಸ್ಥಾನದಲ್ಲಿ ಹಾಗೆ ಅನ್ನಿಸೋದು ಸುಲಭ ಇರಲಿಲ್ಲ. ಅದನ್ನ ಹಟ ಹಿಡಿದು ಮಾಡಿದ ಒಬ್ಬರ ಕಥೆ ಇದು.

2/5
ಕೆ. ವೆಂಕಟಪ್ಪ ಹುಟ್ಟಿದ್ದು 1886ರಲ್ಲಿ, ಅರಮನೆಗೆ ಚಿತ್ರ ಬರೆಯುವ ಮನೆತನದಲ್ಲಿ. ಮೈಸೂರು ಶೈಲಿಯ ಚಿತ್ರ ನೋಡಿದೀರಲ್ಲ? ನಡುವೆ ದೇವರು, ಇಲ್ಲ ದೊರೆ. ಒಡವೆಗೆ ಚಿನ್ನದ ರೇಕು. ಮರ, ಬೆಟ್ಟ ಇದ್ದರೂ ಹಿಂದುಗಡೆ, ದೇವರಿಗೆ ಜಾಗ ಬಿಟ್ಟುಕೊಟ್ಟು. ಹುಡುಗನ ಕೈಚಳಕ ಕಂಡ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಇವರು ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಹೋದರು. ಗುರು ಅವನೀಂದ್ರನಾಥ ಟ್ಯಾಗೋರ್. ಜೊತೆಗೆ ಕಲಿತವರಲ್ಲಿ ಒಬ್ಬರು ನಂದಲಾಲ್ ಬೋಸ್. ಹೌದು, ಮುಂದೆ ನಮ್ಮ ಸಂವಿಧಾನದ ಮೂಲ ಪ್ರತಿಯ ಪುಟಗಳನ್ನು ಚಿತ್ರಗಳಿಂದ ಸಿಂಗರಿಸಿದವರು.

3/5
ಅವನೀಂದ್ರನಾಥರು ಜಪಾನಿ ಕಲಾವಿದರಿಂದ ಒಂದು ವಿಧಾನ ಕಲಿತಿದ್ರು. ಬಣ್ಣ ಹಚ್ಚು, ಕಾಗದಕ್ಕೆ ನೀರು ಕುಡಿಸು, ಒಣಗಲಿ, ಮತ್ತೆ ಹಚ್ಚು. ಹೀಗೆ ಮಾಡ್ತಾ ಮಾಡ್ತಾ ಗೆರೆ ಕರಗಿ ಮಂಜಿನ ಹಾಗೆ ಆಗತ್ತೆ. ಆ ಕೈ ಹಿಡಿದುಕೊಂಡು ವೆಂಕಟಪ್ಪ ಮೈಸೂರಿಗೆ ವಾಪಸ್ ಬಂದರು. 1920 ಮತ್ತು 30ರ ದಶಕಗಳಲ್ಲಿ ಊಟಿ, ಕೊಡೈಕೆನಾಲ್‌ನ ಜಲವರ್ಣ ಚಿತ್ರಗಳನ್ನು ಬರೆದರು.

ಊಟಿ ಇರೋದು ಸುಮಾರು 2,240 ಮೀಟರ್ ಎತ್ತರದಲ್ಲಿ. ಅಲ್ಲಿ ಬೆಟ್ಟ ಒಂದು ಗಳಿಗೆ ಕಾಣತ್ತೆ, ಇನ್ನೊಂದು ಗಳಿಗೆಗೆ ಮಾಯ. ವೆಂಕಟಪ್ಪ ಬರೆದದ್ದು ಆ ಗಳಿಗೆಗಳನ್ನೇ: ಬಿರಿಯುವ ಮುಂಗಾರು ಮೋಡ, ಬೆಳದಿಂಗಳ ಊಟಿ. ಪುರಾಣ ಇಲ್ಲ, ದೊರೆ ಇಲ್ಲ. ಜಲವರ್ಣದಲ್ಲಿ ತಪ್ಪಿದರೆ ಅಳಿಸಕ್ಕಾಗಲ್ಲ. ಬೆಳಕು ಬೇಕು ಅಂದರೆ ಕಾಗದದ ಬಿಳಿಯನ್ನು ಮೊದಲೇ ಉಳಿಸಿಕೊಳ್ಳಬೇಕು. ಅಂದ್ರೆ ಕುಂಚ ಎತ್ತೋ ಮೊದಲು ಬಹಳ ಹೊತ್ತು ನೋಡಿರಬೇಕು. ಅವರ ಮನೆತನ ದೇವರ ಮುಖಕ್ಕೆ ಕೊಟ್ಟ ಶ್ರದ್ಧೆಯನ್ನೇ ಇವರು ಮೋಡಕ್ಕೆ ಕೊಟ್ಟರು. ನನಗೆ ದೊಡ್ಡದು ಅನ್ನಿಸೋದು ಇದೇ.

4/5
ಬದುಕು ಮಾತ್ರ ಮೃದುವಾಗಿರಲಿಲ್ಲ. ಮದುವೆ ಆಗಲಿಲ್ಲ. ವೀಣೆ ಶೇಷಣ್ಣನವರ ಹತ್ತಿರ ವೀಣೆ ಕಲಿತರು, ಅದರ ಹುಚ್ಚು ಎಷ್ಟಿತ್ತು ಅಂದ್ರೆ ಆ ಹುಚ್ಚನ್ನೇ ಒಂದು ಚಿತ್ರ ಮಾಡಿದರು. ಅರಮನೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಉಬ್ಬುಶಿಲ್ಪಗಳನ್ನೂ ಮಾಡಿಕೊಟ್ಟರು. 1940ರಲ್ಲಿ ನಾಲ್ವಡಿಯವರು ತೀರಿಕೊಂಡ ಮೇಲೆ ಆ ಕೆಲಸದ ವಿಚಾರ ಕೋರ್ಟಿನವರೆಗೂ ಹೋಯ್ತು. ಆಶ್ರಯ ಕೊಟ್ಟ ಅರಮನೆಯ ಎದುರೇ ನಿಂತು, ನನ್ನ ದುಡಿಮೆಗೆ ಬೆಲೆ ಕೊಡಿ ಅಂತ ಕೇಳೋದು ಆಸ್ಥಾನದ ಚಿತ್ರಗಾರನ ರೂಢಿ ಅಲ್ಲ. ಆಧುನಿಕ ಕಲಾವಿದ ಅನ್ನೋ ಮಾತಿಗೆ ಅರ್ಥ ಅಲ್ಲೂ ಇದೆ. ಆಮೇಲೆ ಬೆಂಗಳೂರಲ್ಲಿ ನೆಲೆಸಿ, 1965ರಲ್ಲಿ ತೀರಿಕೊಂಡರು.

5/5
ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕದಲ್ಲೇ ವೆಂಕಟಪ್ಪ ಕಲಾ ಗ್ಯಾಲರಿ ಇದೆ. 2016ರಲ್ಲಿ ಅದನ್ನು ಖಾಸಗಿಯವರ ಕೈಗೆ ಕೊಡೋ ಮಾತು ಬಂದಾಗ ಕಲಾವಿದರು ಬೀದಿಗಿಳಿದರು. ಯಾಕೆ ಅಷ್ಟು ಸಿಟ್ಟು? ಅದು ಎಲ್ಲರ ಜಾಗ, ನಮ್ಮಂಥ ಹಳ್ಳಿ ಹುಡುಗ್ರು ಹುಡುಗೀರೂ ಹಿಂಜರಿಯದೆ ಒಳಗೆ ಹೋಗೋ ಜಾಗ ಆಗಿ ಉಳೀಬೇಕು ಅಂತ.

ಬೆಂಗಳೂರಿಗೆ ಹೋದಾಗ ಒಂದರ್ಧ ದಿನ ಅದಕ್ಕೆ ಇಟ್ಕೊಳ್ಳಿ. ಊರಲ್ಲೇ ಇದ್ರೆ, ಮಳೆ ಮೋಡ ಕಟ್ಟಿದ ಸಂಜೆ ಏರಿ ಮೇಲೆ ಹತ್ತು ನಿಮಿಷ ಫೋನ್ ತೆಗೀದೆ ನೋಡಿ. ನೀರಿನ ಬಣ್ಣ ಎಷ್ಟು ಸಲ ಬದಲಾಯ್ತು ಅಂತ ಕಾಮೆಂಟಲ್ಲಿ ಬರೀರಿ.

ಮುಂದಿನ ಕಂತು: ರಾಜಕೀಯ ಬಿಟ್ಟು ಬೆಂಗಳೂರಿನ ಹೂಮರಗಳ ಹಿಂದೆ ಬಿದ್ದ ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯ.

#ಹಾಗಲವಾಡಿ #ಗುಬ್ಬಿ #ವೆಂಕಟಪ್ಪ #ನಮ್ಮಇತಿಹಾಸ